ಎರಡು ಮೊಳದ ಗೋಡೆ

ಅಂಗಡಿಗೆ ಯಾರೇ ಬರಲಿ, ಅಕ್ಕ ಮೊದಲು ಕೇಳುತ್ತಿದ್ದುದು ಒಂದೇ ಮಾತು.

"ಹಸಿ ಜಾಗಕ್ಕೋ, ಒಣ ಜಾಗಕ್ಕೋ?"

ಹೊಸಬರು ತಬ್ಬಿಬ್ಬಾಗುತ್ತಿದ್ದರು. ಬಸವನ ಬಾಗೇವಾಡಿಯ ಬೇರೆ ಅಂಗಡಿಗಳಲ್ಲಿ ಯಾವ ಬಣ್ಣದ ವಾಯರು, ಎಷ್ಟು ಮೀಟರು ಎಂದಷ್ಟೇ ಕೇಳಿ ಕತ್ತರಿಸಿ ಕೊಡುತ್ತಿದ್ದರು. ಅಕ್ಕನಿಗೆ ಆ ವಾಯರು ಎಲ್ಲಿ ಹೋಗಿ ಬಾಳುವೆ ಮಾಡುತ್ತದೆ ಎಂದು ತಿಳಿಯುವ ತನಕ ಇಕ್ಕಳಕ್ಕೆ ಕೈ ಹೋಗುತ್ತಿರಲಿಲ್ಲ.

"ಮನಿಗ್ರಿ ಅಕ್ಕಾರ," ಎನ್ನುತ್ತಿದ್ದರು ಬಂದವರು.

"ಮನ್ಯಾಗ ಎಲ್ಲಿ? ಪಡಸಾಲಿಗೋ, ಬಚ್ಚಲಕ್ಕೋ, ದನದ ಕೊಟ್ಟಗಿಗೋ? ಸೊಸಿ ತರೂಮುಂದ ನಾಕು ಊರು ತಿರುಗಿ ವಿಚಾರ ಮಾಡ್ತೀರಿ. ವಾಯರ್ ತರೂಮುಂದ ಬಣ್ಣ ನೋಡಿ ಒಯ್ತೀರಿ. ಸೊಸಿಗೆ ಸಿಟ್ಟು ಬಂದ್ರ ತವರಿಗೆ ಹೊಕ್ಕಾಳ. ವಾಯರಿಗೆ ಸಿಟ್ಟು ಬಂದ್ರ ನೀವು ಹೋಗಬೇಕಾಗತೈತಿ, ಅದೂ ತವರಿಗಲ್ಲ."

ಬಂದವರು ನಗುತ್ತಿದ್ದರು. ಆದರೆ ಹೇಳುತ್ತಿದ್ದರು.

ಅಕ್ಕ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕಸುಬಲ್ಲ, ವಾಯರಿಂಗ್ ನನ್ನ ಕಸುಬು. ಅವಳ ಬಗ್ಗೆ ಹೇಳಬೇಕಾದ ಒಂದು ಮಾತನ್ನು ಬಾಯಿಯಿಂದ ಹೇಳಿ ನೋಡಿದೆ, ನಡೆಯಲಿಲ್ಲ. ಕಾಗದದ ಮೇಲಾದರೂ ಇರಲಿ ಎಂದು ಬರೆಯುತ್ತಿದ್ದೇನೆ. ಅವಳ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ. ಅಕ್ಕ ಎಂದೇ ಬರೆಯುತ್ತೇನೆ. ಸುತ್ತಿನ ಹಳ್ಳಿಯವರೂ ಹಾಗೆಯೇ ಕರೆಯುತ್ತಿದ್ದರು.

ನಮ್ಮ ಹುಟ್ಟೂರು ಸಿಂದಗಿ ತಾಲ್ಲೂಕಿನ ಯಂಕಂಚಿ. ಅಕ್ಕನನ್ನು ಬಾಗೇವಾಡಿಗೆ ಕೊಟ್ಟಿದ್ದರು. ಅವಳ ಗಂಡ, ನಾವು ಮಾವ ಎನ್ನುತ್ತಿದ್ದೆವು, ವಾಯರ್‌ಮನ್. ಅವನು ಎದೆನೋವಿನಿಂದ ಹಠಾತ್ತನೆ ಹೋದಾಗ ಮನೆಯಲ್ಲಿ ಉಳಿದದ್ದು ಹತ್ತಿಪ್ಪತ್ತು ಸುರುಳಿ ವಾಯರು ಮತ್ತು ಒಂದು ಮೆಗ್ಗರು. ಮೆಗ್ಗರು ಎಂದರೆ ಹಿಡಿಕೆ ತಿರುಗಿಸುವ ಒಂದು ಪೆಟ್ಟಿಗೆ. ವಾಯರಿನ ಮೇಲಿನ ಹೊದಿಕೆ ಗಟ್ಟಿಯಾಗಿದೆಯೋ, ಕರೆಂಟನ್ನು ಸೋರಲು ಬಿಡುತ್ತದೆಯೋ ಎಂದು ಅದರ ಮುಳ್ಳು ತೋರಿಸುತ್ತದೆ. ಮಕ್ಕಳಿರಲಿಲ್ಲ. ಅತ್ತೆಮನೆಯವರು ಯಂಕಂಚಿಗೆ ಹೋಗು ಎಂದರು. ಅಕ್ಕ ಹೋಗಲಿಲ್ಲ. ಮುಂದಿನ ಕೋಣೆಯ ಬಾಗಿಲು ತೆಗೆದು ಅಂಗಡಿ ಇಟ್ಟಳು. ಊರಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು ಕರೆಸಿಕೊಂಡಳು. ನನಗಾಗ ಇಪ್ಪತ್ತು ದಾಟಿತ್ತು. ಮಾವ ಮಾಡುವುದನ್ನು ನೋಡಿ ನೋಡಿ ಅವಳು ಕಲಿತಿದ್ದಳು. ನನಗೆ ಅವಳು ಕಲಿಸಿದಳು.

ವಾಯರನ್ನು ಅವಳು ನೋಡುತ್ತಿದ್ದ ರೀತಿಯೇ ಬೇರೆ. ತುಂಡೊಂದನ್ನು ಉಗುರಿನಿಂದ ಗೀರುವಳು. ಹಿಂದಕ್ಕೆ ಮಡಚಿ, ಮಡಚಿದ ಕಡೆ ಹೊದಿಕೆ ಬೆಳ್ಳಗಾಗುತ್ತದೋ ಎಂದು ಕಣ್ಣಿಗೆ ಹತ್ತಿರ ಹಿಡಿಯುವಳು. ಆಮೇಲೆ ಉಪ್ಪು ನೀರಿನ ಕೊಡದಲ್ಲಿ ತುಂಡನ್ನು ಮುಳುಗಿಸಿ, ಎರಡೂ ತುದಿ ಹೊರಗಿಟ್ಟು, ಎರಡು ದಿನ ಬಿಟ್ಟು ಮೆಗ್ಗರು ತಿರುಗಿಸುವಳು. ಹೊಸ ಸುರುಳಿ ಯಾವುದೇ ಬರಲಿ, ಈ ಪರೀಕ್ಷೆ ಆಗದೆ ಕಪಾಟು ಹತ್ತುತ್ತಿರಲಿಲ್ಲ. ತಂದುಕೊಡುವ ಏಜೆಂಟ್ ಒಮ್ಮೆ, "ಅಕ್ಕಾರ, ಕಂಪನಿಯವರ ಪರೀಕ್ಷಾ ಮಾಡೇ ಕಳಸಿರ್ತಾರ್ರಿ," ಎಂದ. "ಅವರು ತಮ್ಮೂರ ನೀರಾಗ ಮಾಡಿರ್ತಾರ. ನಮ್ಮ ನೀರಾಗಿನ ಉಪ್ಪು ಅವರೇನು ಕುಡದು ನೋಡ್ಯಾರೇನು?" ಎಂದು ಕೇಳಿದಳು.

ಇಂಡಿ ಕಡೆಯ ಲಿಂಬೆ ತೋಟದವರೊಬ್ಬರು ಬಂದಿದ್ದು ನೆನಪಿದೆ. ಬಾವಿಯಿಂದ ತೋಟದ ಮನೆಗೆ ನೆಲದೊಳಗೆ ವಾಯರು ಎಳೆಯಬೇಕಿತ್ತು. ಮನೆಯೊಳಗೆ ಹಾಕುವ ಸಾದಾ ವಾಯರು ಸಾಕು ಎಂದು ಅವರ ಹಟ.

"ಪ್ಲಾಸ್ಟಿಕ್ ಪೈಪಿನ್ಯಾಗ ಹಾಕ್ತೇನ್ರಿ ಅಕ್ಕಾರ. ನೀರೆಲ್ಲಿ ಮುಟ್ಟತೈತಿ?"

"ಕಾಕಾ, ಪೈಪ್ ನೆಲದಾಗ ಇದ್ರ ಪೈಪಿನ ಒಳಗೂ ಹಸಿನ. ಹೊರಗ ಬಿಸಿಲು, ಒಳಗ ತಂಪು, ಬೆವರು ಹನಿ ಹನಿ ಕೂಡಿ ನಿಲ್ಲತೈತಿ. ಅಲ್ಲದ ನಿಮ್ಮದು ಕರೇ ಎರಿ ಭೂಮಿ. ಬ್ಯಾಸಗ್ಯಾಗ ಬಾಯಿ ತೆರಿತೈತಿ, ಮಳಿಗಾಲಕ್ಕ ಬಾಯಿ ಮುಚ್ಚತೈತಿ. ನಡುವ ನಿಮ್ಮ ಪೈಪ್ ಸಿಕ್ಕರ ಕಬ್ಬು ಅಗದಂಗ ಅಗಿತೈತಿ."

"ಹಂಗಾರ ಒಣ ಜಾಗ ಅಂದ್ರ ಯಾವುದು ಅಂತೀರಿ?"

"ವರ್ಷದ ಅಷ್ಟೂ ದಿನ ಒಣ ಇದ್ದದ್ದು. ಒಂದು ದಿನ ನೀರು ಕಂಡ್ರೂ ಅದು ಹಸಿ ಜಾಗ."

ಆ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಅವಳ ಎರಡನೆಯ ಪ್ರಶ್ನೆ ಗೋಡೆಯದು. ನಮ್ಮ ಕಡೆ ಜನ ಉದ್ದವನ್ನು ಹಗ್ಗದಲ್ಲಿ ಅಳೆದು ತರುತ್ತಾರೆ. ಮೀಟರಿನಿಂದ ವಾಯರು ಹೋಗುವ ಜಾಗದವರೆಗೆ ಗೋಡೆಗುಂಟ ಹಗ್ಗ ಹಿಡಿದು, ತಿರುವಿಗೊಂದು ಗಂಟು ಹಾಕಿ, ಹೆಗಲಿಗೆ ಸುತ್ತಿಕೊಂಡು ಬರುತ್ತಾರೆ. ಅಕ್ಕ ಹಗ್ಗ ಇಸಿದುಕೊಂಡು, "ಗ್ವಾಡಿ ಹಿಡದೀರೇನು?" ಎನ್ನುತ್ತಿದ್ದಳು. ಹಳೆಯ ಮನೆಗಳ ಗೋಡೆ ಕಲ್ಲು ಮಣ್ಣಿನದು, ದಪ್ಪ ಎರಡು ಮೊಳ. ಒಂದು ಕೋಣೆಯಿಂದ ಇನ್ನೊಂದಕ್ಕೆ ವಾಯರು ಗೋಡೆಯನ್ನು ತೂರಿ ಹೋಗಬೇಕು. ಆ ಎರಡು ಮೊಳವನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಿದ್ದರು. "ಗ್ವಾಡಿ ಅಂದ್ರ ಗಾಳಿ ಅಂತ ತಿಳದೀರೇನ್ರಿ?" ಎಂದು ಅಕ್ಕ ನಗುತ್ತಿದ್ದಳು.

ಒಮ್ಮೆ ನಾನೂ ಮರೆತೆ. ಆಗ ಒಂದು ತಿಂಗಳು ಪೂರ್ತಿ ಗಿರಾಕಿಗಳ ಮುಂದೆ ನನ್ನನ್ನು "ನಮ್ಮ ಗ್ವಾಡಿ ಇಲ್ಲದ ಮನ್ಯಾವ" ಎಂದೇ ಕರೆದಳು. "ಬರ್ರಿ, ಚಹಾ ಕುಡೀರಿ. ತಮ್ಮಾ, ಗ್ವಾಡಿ ಇಲ್ಲದ ಮನ್ಯಾವನ, ಎರಡು ಚಹಾ ತಗೊಂಬಾ." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅವಳಿಗೆ ಅದು ಪ್ರೀತಿಯ ಆಟ. ನನಗೆ ಅದು ಒಳಗೆ ಎಷ್ಟು ಚುಚ್ಚಿತ್ತೆಂದು ಆಗ ನನಗೇ ಗೊತ್ತಿರಲಿಲ್ಲ. ಮುಂದೆ ನಾನು ಮಾಡಿದ್ದಕ್ಕೆ ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೀಗಿತ್ತು ಎಂದು ಹೇಳುತ್ತಿದ್ದೇನೆ.

ಇಂಗಳೇಶ್ವರದ ದಾರಿಯಲ್ಲಿ ಒಂದು ಹಳ್ಳಿ. ಅಲ್ಲೊಬ್ಬರು ರೈತರು ಮನೆಯ ಹಿಂದಿನ ಕೋಣೆಯನ್ನು ಬಚ್ಚಲು ಮಾಡಿಸಿದ್ದರು. ಅಲ್ಲಿಗೊಂದು ದೀಪ, ಮಾಳಿಗೆಯ ಮೇಲಿನ ಡ್ರಮ್ಮಿಗೆ ನೀರೆತ್ತುವ ಸಣ್ಣ ಮೋಟರಿಗೊಂದು ಲೈನು ಬೇಕಿತ್ತು. ಬೇಸಿಗೆಯ ದಿನ. ನಾನೇ ಹೋಗಿ ಹಗ್ಗದಲ್ಲಿ ಅಳೆದು ಬಂದೆ. ಅಕ್ಕ ಆ ಅಳತೆಗೆ ದುಂಡನೆಯ ಕಪ್ಪು ವಾಯರು ಕತ್ತರಿಸಿ ಕೊಟ್ಟಳು. ಅದರೊಳಗೆ ಎಳೆಗಳಿಗೆ ಒಂದೊಂದು ಹೊದಿಕೆ, ಎಲ್ಲಕ್ಕೂ ಸೇರಿ ಮೇಲೊಂದು ದಪ್ಪ ಹೊದಿಕೆ. ಹಸಿ ಜಾಗಕ್ಕೆ ಅವಳು ಕೊಡುತ್ತಿದ್ದುದು ಅದನ್ನೇ.

"ತುದಿಯಿಂದ ತುದಿಗೆ ಒಂದ ಇರಬೇಕು. ನಡುವ ಗಂಟು ಬ್ಯಾಡ," ಎಂದಳು.

ಮರುದಿನ ಹೋಗಿ ಎಳೆದೆ. ಬಚ್ಚಲಿನ ಗೋಡೆಗೆ ಬಂದಾಗ ಎರಡು ಮೊಳ ಕಡಿಮೆ ಬಿತ್ತು. ಗೋಡೆ ಮರೆತಿದ್ದೆ.

ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಇನ್ನೊಂದು ತಾಸಿಗೆ ಬಾಗೇವಾಡಿಗೆ ಬಸ್ಸಿತ್ತು. ಹೋಗಿ ಬೇರೆ ತುಂಡು ತಂದು ಸಂಜೆಯೊಳಗೆ ಮುಗಿಸಬಹುದಿತ್ತು. ಅಂಗಡಿಯ ಮುಂದೆ ಜನ ಕುಳಿತಿರುತ್ತಾರೆ, ಅಕ್ಕ ನನ್ನ ಮುಖ ನೋಡಿದ ಕೂಡಲೇ ಗುರುತಿಸುತ್ತಾಳೆ, ಆ ಹೆಸರು ಮತ್ತೆ ಹುಟ್ಟುತ್ತದೆ. ಇಷ್ಟೇ ನನ್ನ ತಲೆಯಲ್ಲಿ ಬಂದದ್ದು. ಚೀಲದಲ್ಲಿ ಮನೆಯೊಳಗೆ ಹಾಕುವ ಕೆಂಪು ವಾಯರಿನ ತುಂಡುಗಳಿದ್ದವು. ಗೋಡೆ ಮುಟ್ಟಿ ನೋಡಿದೆ. ಕಲ್ಲಿನಂತೆ ಒಣಗಿತ್ತು. ನಮ್ಮ ನೆಲದಲ್ಲಿ ಬೇಸಿಗೆಯಲ್ಲಿ ಯಾವ ಗೋಡೆ ಹಸಿ ಇರುತ್ತದೆ? ಕಪ್ಪು ವಾಯರಿನ ನಡುವೆ ಕೆಂಪಿನ ತುಂಡು ಕೂಡಿಸಿ, ಟೇಪು ಸುತ್ತಿ, ಗೋಡೆಯೊಳಗೆ ತೂರಿಸಿದೆ. ತೂತಿಗೆ ಎರಡೂ ಕಡೆ ಮಣ್ಣು ಮೆತ್ತಿದೆ. ಈ ಕಡೆ ನೋಡಿದರೂ ಕಪ್ಪು, ಆ ಕಡೆ ನೋಡಿದರೂ ಕಪ್ಪು. ದೀಪ ಹತ್ತಿತು, ಮೋಟರು ತಿರುಗಿತು. ಆ ಮನೆಯ ಸೊಸೆ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು.

ಅಂಗಡಿಗೆ ಬಂದಾಗ ಅಕ್ಕ ಕೇಳಿದಳು, "ಸಾಕಾತೇನು?"

"ಸಾಕಾತು."

"ಗ್ವಾಡಿ ಹಿಡದಿದ್ದೆಲ್ಲ?"

"ಹಿಡದಿದ್ದೆ."

"ಶಾಣ್ಯಾ ಆದ್ಯಲ್ಲೋ!" ಎಂದಳು.

ಮಳೆಗಾಲ ಬಂತು, ಹೋಯಿತು. ಏನೂ ಆಗಲಿಲ್ಲ. ನಾನು ಮರೆತೇಬಿಟ್ಟೆ. ಮಹಾನವಮಿ ಹತ್ತಿರ ಬಂತು. ನಮ್ಮಲ್ಲಿ ಆಗ ಮನೆಮಂದಿಯೆಲ್ಲ ಕೌದಿ ಒಗೆಯುತ್ತಾರೆ, ಗೋಡೆಗೆಲ್ಲ ಸುಣ್ಣ ಬಳಿಯುತ್ತಾರೆ. ಬಟ್ಟೆಗೆ ಹತ್ತಬಾರದೆಂದು ಸುಣ್ಣಕ್ಕೆ ಉಪ್ಪು ಹಾಕುತ್ತಾರೆ. ನಾನು ಮೆತ್ತಿದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತಂತೆ. ಸೊಸೆ ಆ ಬಿರುಕು ಮುಚ್ಚಲಿ ಎಂದು ಉಪ್ಪುಸುಣ್ಣದ ನೀರನ್ನು ಅಲ್ಲೇ ನಾಲ್ಕು ಸಲ ಕುಡಿಸಿದಳು. ಎಡಗೈ ನಲ್ಲಿಯ ಕಬ್ಬಿಣದ ಕೊಳವೆಯ ಮೇಲಿತ್ತು. ಆ ನೀರು ಒಳಗಿನ ಟೇಪಿಗೆ ಇಳಿದು ಗೋಡೆಗೆ ಕರೆಂಟು ಬಂದು, ಬಲಗೈ ಅಲ್ಲೇ ಅಂಟಿಕೊಂಡಿತು. ಅತ್ತೆ ಒನಕೆಯಿಂದ ಹೊಡೆದು ಬಿಡಿಸಿದಳಂತೆ. ಜೀವ ಉಳಿಯಿತು. ವಿಜಯಪುರದ ದವಾಖಾನೆಯಿಂದ ಬಂದಾಗ ಬಲಗೈಯ ಬೆರಳುಗಳು ಒಳಕ್ಕೆ ಮಡಚಿ ನಿಂತಿದ್ದವು. ಅವಳು ಮತ್ತೆ ರೊಟ್ಟಿ ಬಡಿಯಲಿಲ್ಲ.

ಸುದ್ದಿ ತಿಳಿದ ಮಧ್ಯಾಹ್ನವೇ ನಾನು ಓಡಿದೆ. "ಆ ಸುಡುಗಾಡ ವಾಯರ್ ಕಿತ್ತು ಒಗಿ ಮೊದಲ," ಎಂದರು ಮನೆಯವರು. ಕಿತ್ತೆ. ಕಪ್ಪು ತುಂಡುಗಳನ್ನು ಚೀಲಕ್ಕೆ ಹಾಕಿದೆ. ಗೋಡೆಯೊಳಗಿನ ಕೆಂಪು ತುಂಡುಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದು, ಬಸ್ಸು ನಿಲ್ಲುವ ಜಾಗಕ್ಕಿಂತ ಮುಂಚೆ ಕಾಲುವೆಗೆ ಎಸೆದೆ.

ನಾಲ್ಕು ದಿನ ಬಿಟ್ಟು ಆ ರೈತರು ಊರ ಹಿರಿಯರಿಬ್ಬರನ್ನು ಕರೆದುಕೊಂಡು ಅಂಗಡಿಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ. ಅದೇ ಕಷ್ಟ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾರ, ನಿಮ್ಮ ಮ್ಯಾಲ ವಿಶ್ವಾಸ ಇಟ್ಟು ಹಾಕಿಸಿದ್ವಿ. ಇದು ಹೆಂಗಾತು ಅನ್ನೂದು ಅಷ್ಟ ಹೇಳ್ರಿ," ಎಂದರು ರೈತರು.

ಅಕ್ಕ ನನ್ನ ಕಡೆ ತಿರುಗಿದಳು. "ತಮ್ಮಾ, ನಾ ಕೊಟ್ಟ ಕರೇ ವಾಯರ್ ಹಾಕಿದ್ದೆಲ್ಲ?"

"ಹೌದಕ್ಕ."

"ತುದಿಯಿಂದ ತುದಿಗೆ?"

"ಹೌದು."

"ನಡುವ ಏನೂ ಕೂಡಿಸಿಲ್ಲ?"

ಬಾಗಿಲು ತೆರೆದೇ ಇತ್ತು. ಒಂದು ಮಾತು ಸಾಕಿತ್ತು.

"ಇಲ್ಲಕ್ಕ," ಎಂದೆ. ಕಪ್ಪು ವಾಯರು ಕೀಳುವಾಗ ತುಂಡಾಯಿತು ಎಂದೂ ಸೇರಿಸಿದೆ.

ಅಕ್ಕ ಅವರ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು. "ಹಂಗಾರ ತಪ್ಪು ನಂದ ಐತ್ರಿ. ನನ್ನ ವಾಯರ್ ಸರಿ ಇರಲಿಲ್ಲ. ನನ್ನ ತಮ್ಮ ಸುಳ್ಳು ಹೇಳಂಗಿಲ್ಲ," ಎಂದಳು.

ಮರುದಿನ ಮುಂಜಾನೆ ಅವಳು ಆ ಕಪ್ಪು ತುಂಡುಗಳನ್ನು ಉಪ್ಪು ನೀರಿನಲ್ಲಿ ಮುಳುಗಿಸಿದಳು. ಎರಡು ದಿನ ಬಿಟ್ಟು ಮೆಗ್ಗರು ತಿರುಗಿಸಿದಳು. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ, ಹೊದಿಕೆ ಎಲ್ಲೂ ಸೋರುತ್ತಿರಲಿಲ್ಲ. ಮತ್ತೆ ಎರಡು ದಿನ ಮುಳುಗಿಸಿದಳು. ಇಳಿಯಲಿಲ್ಲ. "ಮೆಗ್ಗರ್ ಕೆಟ್ಟಿರಬೇಕು," ಎಂದು ನನ್ನ ಕೈಯಲ್ಲೇ ವಿಜಯಪುರಕ್ಕೆ ಕಳಿಸಿದಳು. ರಿಪೇರಿಯವನು ನೋಡಿ, ಛಲೋ ಐತಿ ಒಯ್ರಿ, ಎಂದ. ಬಂದು ಹೇಳಿದೆ.

"ಹಂಗಾರ ನನ್ನ ಕಣ್ಣ ಕೆಟ್ಟಾವ," ಎಂದಳು. ಆಮೇಲೆ ಕಪಾಟಿನ ಕಡೆ ನೋಡಿ, "ಇಷ್ಟು ವರ್ಷ ಎಷ್ಟು ಮಂದಿಗೆ ಕೊಟ್ಟೇನಿ ತಮ್ಮಾ. ಯಾವ್ಯಾವ ಗ್ವಾಡ್ಯಾಗ ಏನೇನು ಕುಂತೈತೋ," ಎಂದಳು.

ಆ ಅಂಗಡಿ ಜನ ಬರದೆ ಮುಚ್ಚಿತು ಎಂದು ಬಾಗೇವಾಡಿಯಲ್ಲಿ ಹೇಳುತ್ತಾರೆ. ಸುಳ್ಳು. ಜನ ಬರುತ್ತಲೇ ಇದ್ದರು. ಬಂದವರೇ ಈಗ ಅವಳು ಕೇಳುವ ಮೊದಲು, "ಹಸಿ ಜಾಗಕ್ಕ್ರಿ ಅಕ್ಕಾರ," ಎನ್ನುತ್ತಿದ್ದರು. ಅವಳ ಕೈ ಒಂದು ಸುರುಳಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಉಗುರಿನಿಂದ ಗೀರಿ ಗೀರಿ ನೋಡುತ್ತಿದ್ದಳು. ಕೊನೆಗೆ, "ನನಗ ತಿಳಿಯವಲ್ದ್ರಿ. ಪ್ಯಾಟ್ಯಾಗ ಬ್ಯಾರೆ ಅಂಗಡಿ ಅದಾವ, ಅಲ್ಲಿ ಕೇಳ್ರಿ," ಎಂದು ಕಳಿಸುತ್ತಿದ್ದಳು. ಒಂದು ದೀಪಾವಳಿಯ ಹೊತ್ತಿಗೆ ಸುರುಳಿಗಳನ್ನು ಕಟ್ಟಿಟ್ಟು ಬಾಗಿಲು ಹಾಕಿದಳು.

ಪ್ರತಿ ಅಮಾವಾಸ್ಯೆಗೆ, ಹುಣ್ಣಿಮೆಗೆ ಮಾತ್ರ ಬಸ್ಸು ಹತ್ತಿ ಆ ಹಳ್ಳಿಗೆ ಹೋಗುತ್ತಿದ್ದಳು. ಆ ಮನೆಯ ಒಲೆಯ ಮುಂದೆ ಕುಳಿತು ಹದಿನೈದು ದಿನಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು, ಕೆಡದಂತೆ ಒಣಗಿಸಿ ಕಟಕ ಮಾಡಿ ಬುಟ್ಟಿ ತುಂಬಿ ಬರುತ್ತಿದ್ದಳು. ಅವರು ಬೇಡ ಎಂದರೂ ಬಿಡಲಿಲ್ಲ. ಮೊದಮೊದಲು ಅತ್ತೆ ಮಾತಾಡುತ್ತಿರಲಿಲ್ಲವಂತೆ. ಆಮೇಲೆ ಇಬ್ಬರೂ ಅಕ್ಕತಂಗಿಯರ ಹಾಗೆ ಆದರು. ಬಸ್ಸಿಗೆ ಬಿಟ್ಟು ಬರಲು ನಾನು ಹೋಗುತ್ತಿದ್ದೆ. ಊರೊಳಗೆ ಕಾಲಿಡುತ್ತಿರಲಿಲ್ಲ.

ನಾನು ಮುದ್ದೇಬಿಹಾಳಕ್ಕೆ ಬಂದು ಸಂಸಾರ ಹೂಡಿದೆ. ಅಕ್ಕನಿಗೆ ಕೈಲಾಗದಾದಾಗ ಕರೆದುಕೊಂಡು ಬಂದೆ. ನನ್ನ ಮನೆಯಲ್ಲಿ ಅವಳು ಒಂದು ಸ್ವಿಚ್ಚನ್ನೂ ಮುಟ್ಟಲಿಲ್ಲ. ದೀಪ ಹಚ್ಚಬೇಕಾದರೆ ನನ್ನ ಹೆಂಡತಿಯನ್ನು ಕರೆಯುತ್ತಿದ್ದಳು. ಸ್ನಾನಕ್ಕೆ ಹೋಗುವ ಮೊದಲು, "ತಮ್ಮಾ, ಮೇನ್ ಇಳಿಸು, ಮೈ ತೊಳಕೋತೇನಿ," ಎನ್ನುತ್ತಿದ್ದಳು. ಬಚ್ಚಲಿಗೆ ನಾನೇ ಹಾಕಿದ ವಾಯರು ಅದು, ಅವಳು ಕಲಿಸಿದ ಹಾಗೆ, ತುದಿಯಿಂದ ತುದಿಗೆ ಒಂದೇ. ಹೇಳಿದರೆ, "ಇರಬಹುದು. ಆದ್ರೂ ಇಳಿಸು," ಎನ್ನುತ್ತಿದ್ದಳು. ಊರಿಗೆಲ್ಲ ಯಾವ ವಾಯರು ಎಲ್ಲಿ ಎಂದು ಹೇಳಿದವಳು ಕತ್ತಲು ಬಚ್ಚಲಿನಲ್ಲಿ ಕುಳಿತು ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದ ಸಪ್ಪಳ ನನಗೆ ಕೇಳುತ್ತಿತ್ತು. ಆಗೆಲ್ಲ ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಹಾಗೆ ಹನ್ನೊಂದು ವರ್ಷ ಹೋದವು.

ಕೊನೆಗೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹೆಂಡತಿ ಗಿರಣಿಗೆ ಹೋಗಿದ್ದಳು. ಅಕ್ಕನ ಕಾಲ ಬಳಿ ಕುಳಿತು ಎಲ್ಲ ಹೇಳಿದೆ. ಹಗ್ಗ, ಗೋಡೆ, ಬಸ್ಸು, ಕಾಲುವೆ, ಯಾವುದನ್ನೂ ಬಿಡಲಿಲ್ಲ.

ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ತೆರೆದು, "ಎಷ್ಟು ಕಡಿಮಿ ಬಿದ್ದಿತ್ತು?" ಎಂದಳು.

"ಎರಡು ಮೊಳ."

"ಏನು ಕೂಡಿಸಿದಿ?"

"ಮನಿ ವಾಯರ್. ಕೆಂಪಂದು."

"ಟೇಪ್ ಎಷ್ಟು ಸುತ್ತು?"

"ಮೂರು."

ಒಂದು ಗಳಿಗೆ ಅವಳ ಕಣ್ಣುಗಳು ಅಂಗಡಿಯಲ್ಲಿ ಇರುತ್ತಿದ್ದ ಹಾಗೆ ಚುರುಕಾದವು. ಬೈಯಲಿ, ಹೊಡೆಯಲಿ, ಎದ್ದು ಕೂರಲಿ ಎಂದುಕೊಂಡೆ. ಅವಳು ನಕ್ಕಳು.

"ಹುಚ್ಚಾ. ನಾ ಹೊಂಟೇನಂತ ಎಷ್ಟು ಛಲೋ ಕತಿ ಕಟ್ಟೀದಿ! ನನಗ ಸಮಾಧಾನ ಆಗಲಿ ಅಂತ ತಪ್ಪು ನಿನ್ನ ತಲಿ ಮ್ಯಾಲ ಹಾಕ್ಕೋತಿ?"

"ಇಲ್ಲಕ್ಕ, ಖರೇನ ಹೇಳಾಕತ್ತೇನಿ. ನಿನ್ನ ಆಣಿ."

"ಆಣಿ ಇಡಬ್ಯಾಡ. ಸುಳ್ಳಿಗೆ ಆಣಿ ಇಟ್ರ ಮಕ್ಕಳಿಗೆ ಹತ್ತತೈತಿ." ಕೈ ಚಾಚಿ ನನ್ನ ತಲೆ ಸವರಿದಳು. "ಅವತ್ತ ಮೂರು ಮಂದಿ ಹಿರ್‍ಯಾರ ಮುಂದ ಕೇಳೇನಿ ನಿನ್ನ. ಆ ಮನ್ಯಾಗ ಹೆಣ್ಣಮಗಳು ಕೈ ಕಳಕೊಂಡು ಮಲಗಿದ್ಲು. ಹಂತಾದ್ರಾಗ ಸುಳ್ಳು ಹೇಳೂ ಮನಷಾ ನೀ ಅಲ್ಲ. ನಾ ಬೆಳಸೇನಿ ನಿನ್ನ."

ಮುಂದೆ ನಾನೇನು ಹೇಳಿದರೂ ಅವಳು, "ಆತು ಬಿಡು, ಆತು ಬಿಡು," ಎಂದಳು. ಅಳುವ ಮಗುವನ್ನು ತಟ್ಟುವ ಹಾಗೆ.

ಮೂರನೆಯ ದಿನ ಅವಳು ಹೋದಳು. ತನಗೆ ವಾಯರು ತಿಳಿಯಲಿಲ್ಲ ಎಂದೇ ತಿಳಿದುಕೊಂಡು ಹೋದಳು.

ಮಣ್ಣು ಕೊಡಲು ಬಾಗೇವಾಡಿಗೇ ಒಯ್ದೆವು. ಆ ಹಳ್ಳಿಯಿಂದಲೂ ಬಂದಿದ್ದರು. ಈಗ ಪೂರ್ತಿ ಮುದುಕರಾಗಿರುವ ಆ ರೈತರು, ಅವರ ಹಿಂದೆ ಸೊಸೆ. ಕುಣಿಯ ಪಕ್ಕದಲ್ಲೇ, ನಾಲ್ಕು ಜನ ಕೇಳುವಂತೆ, ಅವರ ಕೈ ಹಿಡಿದು ಹೇಳಿದೆ: "ತಪ್ಪು ಅಕ್ಕಂದಲ್ರಿ. ನಂದು. ಗ್ವಾಡ್ಯಾಗ ನಾನ ಬ್ಯಾರೆ ವಾಯರ್ ಕೂಡಿಸಿದ್ದೆ. ಆ ಗ್ವಾಡಿ ಒಡದು ತೋರಸ್ತೇನಿ, ತೂತು ಇನ್ನೂ ಇರತೈತಿ."

"ಎಲ್ಲಿ ಗ್ವಾಡಿ ತಮ್ಮಾ," ಎಂದರು ಅವರು. "ಆ ಮನಿ ಕೆಡವಿ ಸ್ಲ್ಯಾಬ್ ಹಾಕಿ ಐದು ವರ್ಷಾತು. ಮಣ್ಣು ಹೊಲಕ್ಕ ಹೋತು." ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. "ಒಡಹುಟ್ಟಿದಾಕಿ ಹೆಸರು ಉಳೀಲಿ ಅಂತ ಹಿಂಗ ಹೇಳಾಕತ್ತೀದಿ, ನಮಗ ತಿಳಿತೈತಿ. ಬ್ಯಾಡ. ಅಕ್ಕಾರನ್ನ ನಾವು ಎಂದೋ ಮಾಫ್ ಮಾಡೇವಿ."

ಪಕ್ಕದಲ್ಲಿದ್ದವರು ತಲೆಯಾಡಿಸಿದರು. ಮುದುಕರು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು. ಸೊಸೆ ಮುಂದೆ ಬಂದು, ಎಡಗೈಯಲ್ಲಿ ಮಣ್ಣು ತೆಗೆದುಕೊಂಡು, ಅಕ್ಕನ ಮೇಲೆ ಮೆಲ್ಲಗೆ ಬಿಟ್ಟಳು.